ಡೈ, ಕಾಗದ, ಶುಭಾಶಯ ಪತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲೇ ಶುಭಾಶಯ ಪತ್ರಗಳನ್ನು ತಯಾರಿಸುವ ಓದುಗರಿಂದ, ಅದರಲ್ಲೂ ಡೈ ಬಳಸಿ ಕಾಗದ ಕತ್ತರಿಸುವವರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಈ ಕೆಲಸಕ್ಕೆ ಹೊಸಬರಾದವರಿಗಾಗಿ ಮೊದಲು ಒಂದು ವಿವರಣೆ. ಡೈ ಎಂದರೆ ಹೂವು, ಎಲೆ, ಚೌಕಟ್ಟು ಮುಂತಾದ ಆಕಾರದಲ್ಲಿ ಹರಿತವಾದ ಅಂಚನ್ನು ಎಬ್ಬಿಸಿರುವ ತೆಳುವಾದ ಲೋಹದ ಅಚ್ಚು. ಅದನ್ನು ಕಾಗದದ ಮೇಲಿರಿಸಿ, ಎರಡು ಪ್ಲಾಸ್ಟಿಕ್ ಪ್ಲೇಟುಗಳ ನಡುವೆ ಸೇರಿಸಿ, ಹಿಡಿ ತಿರುಗಿಸುವ ಯಂತ್ರದ ಎರಡು ರೋಲರುಗಳ ನಡುವೆ ಹಾಯಿಸಿದರೆ ಕಾಗದವು ಆ ಆಕಾರದಲ್ಲಿ ಕತ್ತರಿಸಿಕೊಳ್ಳುತ್ತದೆ.

ಪ್ರಶ್ನೆ: ಮಗಳು ಕೊಡಿಸಿದ ಚಿಕ್ಕ ಕೈಯಂತ್ರದಲ್ಲಿ ವೃತ್ತ, ಎಲೆಯಂಥ ಸರಳ ಆಕಾರಗಳು ಚೆನ್ನಾಗಿ ಬರುತ್ತವೆ. ಆದರೆ ಜಾಲರಿಯಂಥ ಸೂಕ್ಷ್ಮ ವಿನ್ಯಾಸದ ಡೈ ಹಾಕಿದಾಗ ನಡುಭಾಗ ಕತ್ತರಿಸಿಕೊಳ್ಳುವುದೇ ಇಲ್ಲ. ಕಾಗದ ಡೈಗೆ ಕಚ್ಚಿಕೊಂಡು, ಬಿಡಿಸುವಾಗ ಹರಿದುಹೋಗುತ್ತದೆ. ಯಂತ್ರ ಕೆಟ್ಟಿದೆಯೇ? (ನಿವೃತ್ತ ಶಿಕ್ಷಕಿ, ಧಾರವಾಡ)

ಉತ್ತರ: ಸರಳ ಆಕಾರಗಳು ಸರಿಯಾಗಿ ಬರುತ್ತಿರುವುದರಿಂದ ನಿಮ್ಮ ಯಂತ್ರ ಸರಿಯಾಗಿಯೇ ಇದೆ. ರೋಲರುಗಳು ಕೊಡುವ ಒತ್ತಡಕ್ಕೆ ಒಂದು ಮಿತಿಯಿದೆ. ಆ ಒತ್ತಡವು ಡೈಯ ಹರಿತವಾದ ಅಂಚಿನ ಒಟ್ಟು ಉದ್ದಕ್ಕೆ ಹಂಚಿಹೋಗುತ್ತದೆ. ಒಂದು ವೃತ್ತದ ಅಂಚಿಗೆ ಹೋಲಿಸಿದರೆ ಅಷ್ಟೇ ಅಗಲದ ಜಾಲರಿಯ ಅಂಚು ಎಷ್ಟೋ ಪಟ್ಟು ಉದ್ದವಾಗಿರುತ್ತದೆ. ಒಂದು ಕೊಡ ನೀರನ್ನು ಒಂದೇ ಗಿಡಕ್ಕೆ ಎರೆಯುವುದಕ್ಕೂ ಇಡೀ ಮಡಿಗೆ ಹಂಚುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಇದರ ಜೊತೆಗೆ, ರೋಲರುಗಳಿಗೆ ಆಧಾರವಿರುವುದು ಎರಡು ತುದಿಗಳಲ್ಲಿ ಮಾತ್ರವಾದ್ದರಿಂದ ನಟ್ಟನಡುವೆ ಒತ್ತಡ ತುಸು ಕಡಿಮೆಯಾಗುತ್ತದೆ. ಡೈಯನ್ನು ಪ್ಲೇಟಿನ ನಡುವೆ ಇಡದೆ ಒಂದು ಬದಿಗೆ ಸರಿಸಿ, ನೇರವಾಗಿಡದೆ ಸ್ವಲ್ಪ ಓರೆಯಾಗಿಟ್ಟರೆ ರೋಲರು ಅದರ ಉದ್ದನೆಯ ಅಂಚನ್ನು ಒಮ್ಮೆಗೇ ಎದುರಿಸಬೇಕಾಗುವುದಿಲ್ಲ. ಹಿಡಿ ತಿರುಗಿಸುವುದೂ ಹಗುರವಾಗುತ್ತದೆ.

ಡೈಯ ಹರಿತವಾದ ಬದಿ ಕಾಗದವನ್ನೇ ನೋಡುತ್ತಿರಬೇಕು. ಡೈ ಮತ್ತು ಕಾಗದದ ನಡುವೆ ಅಡುಗೆಮನೆಯ ಬಟರ್ ಪೇಪರಿನ ಒಂದು ತುಂಡನ್ನು ಇಟ್ಟರೆ ಕತ್ತರಿಸಿದ ಕಾಗದ ಡೈಗೆ ಕಚ್ಚಿಕೊಳ್ಳದೆ ಬಿಟ್ಟುಬರುತ್ತದೆ. ಆಗಲೂ ಕೆಲವು ಕಡೆ ಉಳಿದುಕೊಂಡರೆ, ಡೈಯ ಬೆನ್ನಿನಲ್ಲಿರುವ ಸಣ್ಣ ರಂಧ್ರಗಳ ಮೂಲಕ ದಪ್ಪ ಸೂಜಿಯಿಂದ ಮೆಲ್ಲನೆ ಚುಚ್ಚಿ ಕಾಗದವನ್ನು ಹೊರಗೆ ತಳ್ಳಬೇಕು. ಅಂಚು ಹಿಡಿದು ಎಳೆಯಬಾರದು. ಒಂದು ಸಲ ಹಾಯಿಸಿದ್ದು ಸಾಲದಿದ್ದರೆ ಡೈ ಕದಲದಂತೆ, ಸುಲಭವಾಗಿ ಕಿತ್ತುಬರುವ ಕಾಗದದ ಟೇಪಿನಿಂದ ಹಿಡಿಸಿ, ಪ್ಲೇಟು ಹಿಡಿಸುವಷ್ಟು ಅಗಲವಿದ್ದರೆ ಡೈಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಹಾಯಿಸಿ. ಅದಕ್ಕೂ ಬಗ್ಗದಿದ್ದರೆ ಪ್ಲೇಟಿನ ಕೆಳಗೆ ಸಾಮಾನ್ಯ ಜೆರಾಕ್ಸ್ ಹಾಳೆಯೊಂದನ್ನು ಸೇರಿಸಿ ಎತ್ತರ ಹೆಚ್ಚಿಸಬಹುದು. ಒಂದೊಂದೇ ಹಾಳೆ ಸೇರಿಸಿ ಪರೀಕ್ಷಿಸುತ್ತ ಹೋಗಿ, ಹಿಡಿ ಬಿಗಿಯಾಯಿತೆಂದು ಕೈಗೆ ತಿಳಿದ ಕೂಡಲೇ ನಿಲ್ಲಿಸಬೇಕು. ಒಮ್ಮೆಗೇ ನಾಲ್ಕಾರು ಹಾಳೆ ತುರುಕಿ ಬಲವಾಗಿ ತಿರುಗಿಸಿದರೆ ಪ್ಲೇಟು ಸೀಳುತ್ತದೆ, ಡೈಯೂ ಬಾಗುತ್ತದೆ.

ಪ್ಲೇಟುಗಳ ಮೇಲೆ ಗೀರು ಬೀಳುವುದು ಸಹಜ. ಅವುಗಳ ಕೆಲಸವೇ ಅದು. ಆದರೆ ಹಳೆಯ ಆಳವಾದ ಗೀರಿನ ಮೇಲೆಯೇ ಹೊಸ ಡೈಯ ಅಂಚು ಕುಳಿತರೆ ಅಲ್ಲಿ ಕಾಗದ ತಪ್ಪಿಸಿಕೊಳ್ಳುತ್ತದೆ. ಸೂಕ್ಷ್ಮ ಡೈಗಳಿಗೆಂದೇ ಗೀರು ಕಡಿಮೆಯಿರುವ ಒಂದು ಪ್ಲೇಟನ್ನು ಬೇರೆ ತೆಗೆದಿರಿಸಿ. ಉಳಿದ ಪ್ಲೇಟುಗಳನ್ನು ಪ್ರತಿ ಸಲವೂ ಮಗುಚಿ ಹಾಕುತ್ತಿದ್ದರೆ ಅವು ಒಂದೇ ಕಡೆಗೆ ಬಾಗುವುದಿಲ್ಲ.

ಕೊನೆಯದಾಗಿ ಕಾಗದ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆಯೇ ಜಿಎಸ್‌ಎಂ. ಪತ್ರದ ಬುಡಕ್ಕೆ 250ರಿಂದ 300 ಜಿಎಸ್‌ಎಂ ಕಾರ್ಡ್ ಒಳ್ಳೆಯದು. ಅದೇ ಕಾರ್ಡಿನಲ್ಲಿ ಜಾಲರಿ ಕತ್ತರಿಸಲು ಹೊರಟರೆ ಸಣ್ಣ ಯಂತ್ರಕ್ಕೆ ಕಷ್ಟ. ಜಾಲರಿಗೆ 120ರಿಂದ 160 ಜಿಎಸ್‌ಎಂ ನಡುವಿನ, ಮೇಲ್ಮೈ ನುಣುಪಾಗಿ ಒತ್ತಾಗಿರುವ ಕಾಗದವನ್ನು ಆರಿಸಿ. ಹತ್ತಿಬಟ್ಟೆಯ ಚಿಂದಿಯಿಂದ ಮಾಡಿದ ಕೈಕಾಗದ ನೋಡಲು ಬಹಳ ಚೆಂದ, ನನಗೂ ಪ್ರಿಯ. ಆದರೆ ಅದರ ನಾರುಗಳು ಉದ್ದವಾಗಿರುವುದರಿಂದ ಸೂಕ್ಷ್ಮ ಡೈಯಲ್ಲಿ ಅಂಚುಗಳು ಎಳೆ ಎದ್ದು ನಿಲ್ಲುತ್ತವೆ. ಅದನ್ನು ದೊಡ್ಡ ಎಲೆ, ದೊಡ್ಡ ಹೂವುಗಳಿಗೆ ಮೀಸಲಿಡಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕಡೆ ಕಾಗದ ಮೆತ್ತಗಾಗಿ, ಅಂಟಿಸಿದ ಮೇಲೆ ಪತ್ರ ಡೊಂಕಾಗುತ್ತದೆ. ಏನು ಮಾಡಬೇಕು? (ಗೃಹಿಣಿ, ಶಿರಸಿ)

ಉತ್ತರ: ಕಾಗದದ ನಾರುಗಳು ಗಾಳಿಯ ತೇವವನ್ನು ಹೀರಿಕೊಂಡಾಗ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಉಬ್ಬುತ್ತವೆ. ಕಾರ್ಖಾನೆಯಲ್ಲಿ ತಯಾರಾದ ಕಾಗದದಲ್ಲಿ ಹೆಚ್ಚಿನ ನಾರುಗಳು ಒಂದೇ ದಿಕ್ಕಿಗೆ ಮಲಗಿರುವುದರಿಂದ ಹಾಳೆಯೂ ಒಂದು ದಿಕ್ಕಿಗೆ ಹಿಗ್ಗಿ ಸುರುಳಿಯಾಗುತ್ತದೆ. ಹಾಳೆಯನ್ನು ಮುರಿಯದಂತೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಾಗಿಸಿ ನೋಡಿ. ಯಾವ ಕಡೆಗೆ ಹಗುರವಾಗಿ ಬಾಗುತ್ತದೋ ಆ ಬಾಗಿನ ಗೆರೆಗೆ ಸಮಾನಾಂತರವಾಗಿ ನಾರುಗಳಿವೆ ಎಂದರ್ಥ. ಪತ್ರದ ಮಡಿಕೆಯನ್ನು ಆ ಗೆರೆಯಲ್ಲೇ ಹಾಕಿದರೆ ಮಡಿಕೆ ಬಿರುಕು ಬಿಡುವುದಿಲ್ಲ. ಮೇಲೆ ಅಂಟಿಸುವ ಹಾಳೆಯ ನಾರುಗಳೂ ಅದೇ ದಿಕ್ಕಿನಲ್ಲಿದ್ದರೆ ಎರಡೂ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ.

ಫೆವಿಕಾಲಿನಂಥ ನೀರಿನಂಶದ ಅಂಟನ್ನು ದೊಡ್ಡ ಹಾಳೆಗಳಿಗೆ ಬಳಿಯಬೇಡಿ, ಅಲ್ಲಿ ಡಬಲ್ ಟೇಪ್ ಸಾಕು. ಜಾಲರಿಯಂಥ ತೆಳುವಾದ ತುಣುಕುಗಳಿಗೆ ಮಾತ್ರ ಸೂಜಿಮೂತಿಯ ಬಾಟಲಿಯಿಂದ ಅಂಟಿನ ಸಣ್ಣ ಚುಕ್ಕಿಗಳನ್ನಿಟ್ಟು, ಒಣಗುವ ತನಕ ದಪ್ಪ ಪುಸ್ತಕದ ಕೆಳಗೆ ಇಡಿ. ಕಾಗದವನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ, ಮಟ್ಟಸವಾಗಿ ಮಲಗಿಸಿ ಇಡಬೇಕು. ತೇವಗೊಂಡ ಕಾಗದ ತುಂಡಾಗುವ ಮೊದಲು ಹಿಗ್ಗುವುದರಿಂದ ಡೈಯಲ್ಲಿಯೂ ಅದರ ಅಂಚು ಒರಟಾಗುತ್ತದೆ. ಹಾಗಾಗಿ ಮಳೆ ಹಿಡಿದುಕೊಂಡ ದಿನಗಳಲ್ಲಿ ಸೂಕ್ಷ್ಮ ಡೈಗಳ ಕೆಲಸವನ್ನು ಮುಂದೂಡುವುದೇ ಒಳ್ಳೆಯದು.

ಪ್ರಶ್ನೆ: ಅಂಗಡಿಗಳಲ್ಲಿ ಸಿಗುವ ಅಕ್ಷರದ ಡೈಗಳೆಲ್ಲ ಇಂಗ್ಲಿಷಿನವು. ನಮ್ಮ ಪತ್ರಗಳ ಮೇಲೆ ಕನ್ನಡದ ಶುಭಾಶಯವನ್ನೇ ಕತ್ತರಿಸಿ ಅಂಟಿಸಬೇಕೆಂಬ ಆಸೆ. ದಾರಿ ಇದೆಯೇ? (ಕಾಲೇಜು ವಿದ್ಯಾರ್ಥಿನಿ, ಮೈಸೂರು)

ಉತ್ತರ: ಖಂಡಿತ ಇದೆ, ಮತ್ತು ನಿಮ್ಮ ಆಸೆ ನನಗೆ ತುಂಬ ಸಂತೋಷ ಕೊಟ್ಟಿತು. ಕ್ರಿಕಟ್, ಸಿಲೂಯೆಟ್ ಮುಂತಾದ ಗಣಕಚಾಲಿತ ಯಂತ್ರಗಳಲ್ಲಿ ಲೋಹದ ಡೈಯ ಅಗತ್ಯವಿಲ್ಲ. ಅಂಟುಳ್ಳ ಚಾಪೆಯ ಮೇಲೆ ಕೂರಿಸಿದ ಕಾಗದದ ಮೇಲೆ ಸಣ್ಣ ಅಲಗು ನಿಮ್ಮ ರೇಖೆಯನ್ನು ಹಿಂಬಾಲಿಸಿ ಕತ್ತರಿಸುತ್ತದೆ. ಯಂತ್ರ ಸ್ವಂತದ್ದಾಗಿರಬೇಕೆಂದೇನಿಲ್ಲ, ಸ್ಟಿಕ್ಕರ್ ಕತ್ತರಿಸಿಕೊಡುವ ಅಂಗಡಿಗಳಲ್ಲೂ ಇದೇ ತತ್ವದ ಯಂತ್ರಗಳಿರುತ್ತವೆ. ಕಷ್ಟವಿರುವುದು ರೇಖೆಯನ್ನು ಸಿದ್ಧಪಡಿಸುವುದರಲ್ಲಿ. ಇಂಗ್ಲಿಷಿನ ಕೂಡುಬರಹದಲ್ಲಿ ಒಂದು ಪದ ಒಂದೇ ತುಣುಕಾಗಿ ಎದ್ದುಬರುತ್ತದೆ. ನಮ್ಮ ಲಿಪಿಯಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಅದರ ಮೇಲೆ ಒತ್ತಕ್ಷರಗಳು ಕೆಳಗೆ ತೂಗುತ್ತವೆ. ‘ಹುಟ್ಟುಹಬ್ಬ’ ಎಂದು ಕತ್ತರಿಸಿದರೆ ಟಕಾರದ ಒತ್ತೂ ಬಕಾರದ ಒತ್ತೂ ಎಷ್ಟೋ ಫಾಂಟುಗಳಲ್ಲಿ ಬೇರೆಯಾಗಿ ಉದುರುತ್ತವೆ. ‘ದೀಪಾವಳಿ’ಯ ಮೊದಲ ಅಕ್ಷರದ ದೀರ್ಘದ ಗುರುತು, ‘ಸಂಕ್ರಾಂತಿ’ಯ ಎರಡು ಸೊನ್ನೆಗಳು, ಠಕಾರದ ಹೊಟ್ಟೆಯೊಳಗಿನ ಚುಕ್ಕಿ ಇವೆಲ್ಲ ಒಂಟಿ ತುಣುಕುಗಳೇ.

ಇದಕ್ಕೆ ಎರಡು ಉಪಾಯಗಳಿವೆ. ಮೊದಲನೆಯದು, ಅಕ್ಷರಗಳನ್ನು ಒಂದಕ್ಕೊಂದು ತಾಗುವಷ್ಟು ಹತ್ತಿರಕ್ಕೆ ಸರಿಸಿ, ಒತ್ತಕ್ಷರವನ್ನು ತುಸು ಮೇಲೆತ್ತಿ ಮೂಲ ಅಕ್ಷರಕ್ಕೆ ಬೆಸೆದು, ಇಡೀ ಪದವನ್ನು ಒಂದೇ ಆಕಾರವಾಗಿಸುವುದು. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಯೂನಿಕೋಡ್ ಅಕ್ಷರಗಳಲ್ಲಿ ಪದವನ್ನು ಟೈಪಿಸಿ, ಅದನ್ನು ಪಾತ್ (ಅಕ್ಷರದ ಹೊರರೇಖೆ) ಆಗಿ ಪರಿವರ್ತಿಸಿ, ನಂತರ ಯೂನಿಯನ್ ಆಜ್ಞೆಯಿಂದ ಒಂದಾಗಿಸಿ ಎಸ್‌ವಿಜಿ ಎಂಬ ರೇಖಾಚಿತ್ರದ ಕಡತವಾಗಿ ಉಳಿಸಬೇಕು. ಕತ್ತರಿಸುವ ಯಂತ್ರದ ತಂತ್ರಾಂಶದಲ್ಲಿ ನೇರವಾಗಿ ಕನ್ನಡ ಟೈಪಿಸಿದರೆ ಒತ್ತಕ್ಷರಗಳು ಒಡೆದು ಕಾಣಿಸಬಹುದು. ಹೀಗೆ ರೇಖೆಯಾಗಿಸಿ ಕೊಟ್ಟರೆ ಆ ತೊಂದರೆ ಬರುವುದಿಲ್ಲ. ಎರಡನೆಯ ಉಪಾಯ ನನಗೆ ಹೆಚ್ಚು ಇಷ್ಟ. ಪದದ ಸುತ್ತ ಎರಡು ಮೂರು ಮಿಲಿಮೀಟರ್ ಹೊರಕ್ಕೆ ಉಬ್ಬಿದ ನೆರಳಿನಂಥ ಆಕಾರವೊಂದನ್ನು ಬೇರೆ ಬಣ್ಣದ ಕಾಗದದಲ್ಲಿ ಕತ್ತರಿಸಿ, ಬಿಡಿ ಅಕ್ಷರಗಳನ್ನು ಅದರ ಮೇಲೆ ಅಂಟಿಸುವುದು. ಅಕ್ಷರದ ಸಹಜ ರೂಪಕ್ಕೆ ಇದರಿಂದ ಧಕ್ಕೆಯಾಗುವುದಿಲ್ಲ, ಓದುವುದಕ್ಕೂ ಸ್ಪಷ್ಟವಾಗಿರುತ್ತದೆ.

ಫಾಂಟು ಆರಿಸುವಾಗ ದಪ್ಪ, ತೆಳುಗಳ ನಡುವೆ ಹೆಚ್ಚು ಅಂತರವಿಲ್ಲದ ದುಂಡನೆಯ ಅಕ್ಷರಗಳನ್ನು ನೋಡಿ. ಉಚಿತವಾಗಿ ಸಿಗುವ ‘ಬಾಲೂ ತಮ್ಮ’ ಎಂಬ ಕನ್ನಡ ಫಾಂಟು ಇದಕ್ಕೆ ಹೇಳಿಮಾಡಿಸಿದಂತಿದೆ. ಅತಿ ತೆಳುವಾದ ಭಾಗವೂ ಎರಡು ಮಿಲಿಮೀಟರಿಗಿಂತ ಕಿರಿದಾಗದಂತೆ ಅಕ್ಷರದ ಗಾತ್ರವನ್ನು ಹೊಂದಿಸಿಕೊಳ್ಳಿ. ಅಕ್ಷರವನ್ನು ಅಂಟಿಸುವ ಬದಲು ಪತ್ರದಲ್ಲೇ ಅಕ್ಷರದ ಕಿಟಕಿ ತೆರೆಯುವುದಾದರೆ ಮಾತ್ರ, ಒಳಗಿನ ದ್ವೀಪಗಳು ಉದುರದಂತೆ ಅಲ್ಲಲ್ಲಿ ಸಣ್ಣ ಸೇತುವೆ ಬಿಡಬೇಕಾಗುತ್ತದೆ.

ಪ್ರಶ್ನೆ: ಸಂಸ್ಥೆಯ ಸಮಾರಂಭಕ್ಕೆ 500 ಆಹ್ವಾನ ಪತ್ರಗಳನ್ನು ಎಲೆಯಾಕಾರದಲ್ಲಿ ಕತ್ತರಿಸಬೇಕಿದೆ. ಮನೆಯ ಯಂತ್ರದಲ್ಲಿ ಸಾಧ್ಯವೇ? (ಶಿವಮೊಗ್ಗ)

ಉತ್ತರ: ಸಾಧ್ಯ, ಆದರೆ ಬೇಡ. ಇಷ್ಟು ಸಂಖ್ಯೆಗೆ ಮುದ್ರಣಾಲಯದ ಪಂಚಿಂಗ್ ಕೆಲಸವೇ ಸರಿ. ಅಲ್ಲಿ ಪ್ಲೈವುಡ್ ಹಲಗೆಯಲ್ಲಿ ಸೀಳು ತೆಗೆದು, ಉಕ್ಕಿನ ಹರಿತವಾದ ಪಟ್ಟಿಯನ್ನು ಬೇಕಾದ ಆಕಾರಕ್ಕೆ ಬಾಗಿಸಿ ನಾಟಿರುತ್ತಾರೆ. ಈ ಪಟ್ಟಿಯ ಎತ್ತರ ಸಾಮಾನ್ಯವಾಗಿ 23.8 ಮಿ.ಮೀ. ಅದರ ಇಕ್ಕೆಲಗಳಲ್ಲಿ ಅಂಟಿಸಿದ ರಬ್ಬರು ತುಂಡುಗಳು ಕತ್ತರಿಸಿದ ಕಾಗದವನ್ನು ಹೊರಗೆ ತಳ್ಳುತ್ತವೆ. ಮಡಿಕೆ ಬೇಕಾದ ಕಡೆ ಮೊಂಡಾದ, ತುಸು ಗಿಡ್ಡನೆಯ ಪಟ್ಟಿಯಿರುತ್ತದೆ. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಹಳೆಯ ಯಂತ್ರಗಳು ಇಂದು ಎಷ್ಟೋ ಊರುಗಳಲ್ಲಿ ಶಾಯಿಯಿಲ್ಲದೆ ಈ ಪಂಚಿಂಗ್ ಕೆಲಸದಲ್ಲೇ ದುಡಿಯುತ್ತಿವೆ. ಮುದ್ರಣ ಮೊದಲು, ಪಂಚಿಂಗ್ ನಂತರ ಎಂಬ ಕ್ರಮವನ್ನು ನೆನಪಿಡಿ, ಎಲೆಯ ಅಂಚಿನಿಂದ ಅಕ್ಷರಗಳನ್ನು ಕನಿಷ್ಠ ಐದು ಮಿಲಿಮೀಟರ್ ಒಳಗಿಡಿ. ಎಲೆಯ ನರಗಳನ್ನೂ ಕತ್ತರಿಸಬೇಕೆಂದರೆ ಬಾಗಿಸಿದ ಪಟ್ಟಿಗೆ ಅಷ್ಟು ಸೂಕ್ಷ್ಮತೆ ಸಾಧ್ಯವಿಲ್ಲ, ಲೇಸರ್ ಬೇಕಾಗುತ್ತದೆ. ಲೇಸರ್ ಕಾಗದವನ್ನು ಸುಟ್ಟೇ ಕತ್ತರಿಸುವುದರಿಂದ ತಿಳಿಬಣ್ಣದ ಹಾಳೆಯ ಅಂಚಿನಲ್ಲಿ ಕಂದು ಛಾಯೆ ಉಳಿಯಬಹುದು. ಮಾದರಿ ನೋಡದೆ ಒಪ್ಪಿಗೆ ಕೊಡಬೇಡಿ.

ಪ್ರಶ್ನೆ: ಡೈಯಲ್ಲಿ ಕತ್ತರಿಸಿದ ಪತ್ರವನ್ನು ಕೈಯಲ್ಲಿ ಮಾಡಿದ್ದು ಎನ್ನಬಹುದೇ? ನನ್ನ ಗೆಳತಿ ಅದು ಯಂತ್ರದ ಕೆಲಸ ಎನ್ನುತ್ತಾಳೆ. (ಮಂಗಳೂರು)

ಉತ್ತರ: ಎನ್ನಬಹುದು. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಮಾಡಿಸಿದ, ಜಾನ್ ಕಾಲ್ಕಾಟ್ ಹಾರ್ಸ್ಲಿ ಚಿತ್ರಿಸಿದ ಕ್ರಿಸ್‌ಮಸ್ ಪತ್ರವನ್ನು ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಶುಭಾಶಯ ಪತ್ರವೆಂದು ಗುರುತಿಸಲಾಗುತ್ತದೆ. ಅದರ ರೇಖೆಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, ಬಣ್ಣವನ್ನು ಕೈಯಲ್ಲಿ ತುಂಬಿದ್ದರು. ಶುಭಾಶಯ ಪತ್ರದಲ್ಲಿ ಯಂತ್ರವೂ ಕೈಯೂ ಅಂದಿನಿಂದಲೇ ಜೊತೆಯಾಗಿವೆ.

ಆದರೂ ನಿಮ್ಮ ಗೆಳತಿಯ ಮಾತಿನಲ್ಲಿ ಒಂದು ನ್ಯಾಯವಿದೆ. ಒಂದೇ ಡೈ ಕೊಂಡವರಿಗೆಲ್ಲ ಒಂದೇ ಹೂವು ಬರುತ್ತದೆ. ಅದನ್ನು ಹಾಗೆಯೇ ಅಂಟಿಸಿಬಿಟ್ಟರೆ ಅಲ್ಲಿ ನಿಮ್ಮ ಕೈಗುರುತು ಕಾಣುವುದಿಲ್ಲ. ಕತ್ತರಿಸಿದ ಎಸಳನ್ನು ಮೆತ್ತನೆಯ ರಬ್ಬರು ಹಾಳೆಯ ಮೇಲಿಟ್ಟು ದುಂಡುತುದಿಯ ಕಡ್ಡಿಯಿಂದ ಒತ್ತಿದರೆ ಅದು ಬಟ್ಟಲಿನಂತೆ ಮೇಲೇಳುತ್ತದೆ. ಅಂಚಿಗೆ ಸ್ಪಂಜಿನಿಂದ ತುಸುವೇ ಬಣ್ಣ ತಾಗಿಸಿದರೆ ಆಳ ಕಾಣುತ್ತದೆ. ಹೊರಬಂದ ತುಣುಕನ್ನು ಮಾತ್ರವಲ್ಲ, ಹಾಳೆಯಲ್ಲಿ ಉಳಿದ ಕಿಟಕಿಯನ್ನೂ ಬಳಸಿ. ಒಂದೇ ಡೈಯನ್ನು ಎರಡು ಬಣ್ಣದ ಹಾಳೆಗಳಲ್ಲಿ ಕತ್ತರಿಸಿ, ಒಂದರ ತುಣುಕನ್ನು ಇನ್ನೊಂದರ ಕಿಟಕಿಯಲ್ಲಿ ಕೂರಿಸಿ, ಹಿಂದಿನಿಂದ ಹಾಳೆ ಅಂಟಿಸಿದರೆ ಕುಂದಣದ ಕೆಲಸದಂತೆ ಮಟ್ಟಸವಾದ ವಿನ್ಯಾಸ ಸಿಗುತ್ತದೆ. ಇದಕ್ಕೆ ಎರಡೂ ಹಾಳೆಗಳ ದಪ್ಪ ಒಂದೇ ಆಗಿರಬೇಕು. ಒಂದೇ ಪತ್ರದ ಮೇಲೆ ಇರುವ ಡೈಗಳನ್ನೆಲ್ಲ ಪೇರಿಸಿದ್ದನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಒಂದು ಡೈ ಆರಿಸಿಕೊಂಡು ಅದರ ಸಾಧ್ಯತೆಗಳನ್ನು ಹುಡುಕುವವರ ಪತ್ರದಲ್ಲಿ ಜೀವವಿರುತ್ತದೆ.

ಪ್ರಶ್ನೆ: ಪದರಪದರವಾಗಿ ಮಾಡಿದ ಪತ್ರ ಅಂಚೆಯಲ್ಲಿ ನಜ್ಜುಗುಜ್ಜಾಗದಂತೆ ಕಳಿಸುವುದು ಹೇಗೆ? (ಬೆಳಗಾವಿ)

ಉತ್ತರ: ಎ4 ಹಾಳೆಯನ್ನು ಎರಡು ಭಾಗ ಮಾಡಿ ಒಂದನ್ನು ಮಡಿಸಿದರೆ 105×148 ಮಿ.ಮೀ. ಪತ್ರ ಸಿಗುತ್ತದೆ, ಅದಕ್ಕೆ 114×162 ಮಿ.ಮೀ. ಅಳತೆಯ ಸಿ6 ಲಕೋಟೆ ಹೊಂದುತ್ತದೆ. ಫೋಮ್ ಟೇಪಿನಿಂದ ಎತ್ತರಿಸಿದ ಪದರಗಳಿದ್ದರೆ ಈ ಲಕೋಟೆ ಬಿಗಿಯಾಗುತ್ತದೆ. ಆಗ ಪಕ್ಕಗಳಿಗೂ ದಪ್ಪವಿರುವ, ಪೆಟ್ಟಿಗೆಯಂಥ ಲಕೋಟೆಯನ್ನು 200 ಜಿಎಸ್‌ಎಂ ಕಾರ್ಡಿನಲ್ಲಿ ನೀವೇ ಮಡಿಸಿಕೊಳ್ಳಿ. ಫೋಮ್ ತುಂಡುಗಳನ್ನು ತುಣುಕಿನ ಅಂಚುಗಳಿಗೆ ಮಾತ್ರ ಅಂಟಿಸದೆ ನಡುವೆಯೂ ಆಧಾರ ಕೊಟ್ಟರೆ ಮೇಲಿನಿಂದ ಒತ್ತಡ ಬಿದ್ದಾಗ ಪದರ ಕುಸಿಯುವುದಿಲ್ಲ. ಪತ್ರದ ಮೇಲೆ ಒಂದು ಬಟರ್ ಪೇಪರ್, ಅದರ ಮೇಲೆ ಗಟ್ಟಿ ರಟ್ಟು ಇರಲಿ. ಲಕೋಟೆಯನ್ನು ಅಂಚೆಪೆಟ್ಟಿಗೆಗೆ ಹಾಕದೆ ಕಚೇರಿಯ ಕೌಂಟರಿಗೆ ಒಯ್ದು ತೂಗಿಸಿ, ತೂಕಕ್ಕೆ ತಕ್ಕ ಅಂಚೆಚೀಟಿ ಹಚ್ಚಿ, ಮೊಹರನ್ನು ಅಂಚಿನಲ್ಲಿ ಮೆಲ್ಲನೆ ಹಾಕುವಂತೆ ಕೇಳಿಕೊಳ್ಳಿ.