ವಾಚ್ 182 ತೋರಿಸಿದ್ದಕ್ಕೆ ಮೆಟ್ಟಿಲು ಹತ್ತುವುದನ್ನೇ ಬಿಟ್ಟ ಮೇಷ್ಟ್ರು

ನನ್ನ ಹತ್ತಿರ ಬಂದವರು ಗಣಿತದ ಮೇಷ್ಟ್ರು, ವಯಸ್ಸು 41. ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಟಿವಿಯಲ್ಲಿ ದಿನವಿಡೀ ಬರುತ್ತಿತ್ತಲ್ಲ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತಿದ್ದರಲ್ಲ, ಆಗಲೇ ಇವರು ಹೆದರಿ ಜಾಗಿಂಗ್ ಶುರು ಮಾಡಿದ್ದು. ಒಂದು ದಿನ ಓಡುವಾಗ ಸ್ಮಾರ್ಟ್‌ವಾಚ್ ಎದೆಬಡಿತ ನಿಮಿಷಕ್ಕೆ 182 ಅಂತ ತೋರಿಸಿತು. ಬಡಿತ ಗರಿಷ್ಠ ಎಷ್ಟು ಏರಬಹುದು ಅನ್ನುವುದಕ್ಕೆ ಒಂದು ಲೆಕ್ಕ ಇದೆ: 220ರಲ್ಲಿ ವಯಸ್ಸು ಕಳೆಯುವುದು. ಇವರಿಗೆ 179. ಮೂರು ಜಾಸ್ತಿ! ಓಟ ನಿಂತಿತು. ಆಮೇಲೆ ಮೆಟ್ಟಿಲು. ಆಮೇಲೆ ಮಗಳನ್ನು ಎತ್ತಿಕೊಳ್ಳುವುದೂ.

ಇಸಿಜಿ, ಎಕೋ, ಟಿಎಂಟಿ, ಹೀಗೆ ಹೃದಯದ ಪರೀಕ್ಷೆ ಎಲ್ಲ ನಾರ್ಮಲ್. "ರಿಪೋರ್ಟ್ ಸರಿ ಇದೆ ಅಂತ ನಂಗೂ ಗೊತ್ತು ಮೇಡಂ, ಆದ್ರೆ ಎದೆ ಡಬಡಬ ಅಂದ ತಕ್ಷಣ ಕೈಕಾಲೇ ಆಡಲ್ಲ" ಅಂದರು. ಮಾತಿನ ಮಧ್ಯೆ ವಾಚ್ ನೋಡುವುದು, ಅದು ನಿಜ ಹೇಳುತ್ತಿದೆಯಾ ಅಂತ ಎರಡು ಬೆರಳು ಕತ್ತಿನ ಪಕ್ಕಕ್ಕೆ ಒತ್ತುವುದು, ಮತ್ತೆ ವಾಚ್.

ಮೊದಲು ಆ 179ರ ಕಥೆ ಮುಗಿಸಿದೆ. ಅದು ಸರಾಸರಿ, ಗೆರೆ ಅಲ್ಲ. ಹತ್ತು ಹನ್ನೆರಡು ಬಡಿತ ಆಚೆ ಈಚೆ ಇರುವುದು ಮಾಮೂಲಿ. "ಸರಾಸರಿ ಅಂದ್ರೇನು ಅಂತ ಮಕ್ಕಳಿಗೆ ಹೇಳಿಕೊಡೋರು ನೀವೇ ಅಲ್ವಾ ಸರ್?" ಅಂದೆ, ನಕ್ಕರು. ಜೊತೆಗೆ ಮಣಿಕಟ್ಟಿನ ವಾಚ್ ಸಡಿಲ ಇದ್ದರೆ ಓಡುವಾಗ ಹೆಜ್ಜೆಯನ್ನೇ ಬಡಿತ ಅಂತ ಎಣಿಸಿಬಿಡುವುದೂ ಉಂಟು.

ಇನ್ನು ಎದೆ ಯಾಕೆ ಹೊಡೆದುಕೊಳ್ಳುತ್ತದೆ? ಸುಮ್ನೆ ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಜೋರಾಗಿ ಓಡಿದರೆ ಸ್ನಾಯುಗಳಿಗೆ ಆಮ್ಲಜನಕ ಜಾಸ್ತಿ ಬೇಕು, ಅದೇ ಹೃದಯ 15ರಿಂದ 20 ಲೀಟರ್ ತಳ್ಳಬೇಕು. ಬಡಿತ ಏರದೆ ಆಗುವ ಕೆಲಸ ಅಲ್ಲ ಅದು. ಅಭ್ಯಾಸವಾದ ಮೇಲೆ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೋಗುತ್ತದೆ, ಹಾಗಾಗಿ ಅದೇ ಮೆಟ್ಟಿಲಿಗೆ ಕಡಿಮೆ ಬಡಿತ ಸಾಕಾಗುತ್ತದೆ. ಇವರು ಮಾಡಿದ್ದು ಉಲ್ಟಾ. ತಿಂಗಳುಗಟ್ಟಲೆ ಕೂತರು, ಕಸುವು ಇಳಿಯಿತು, ನಾಲ್ಕು ಮೆಟ್ಟಿಲಿಗೇ ಬಡಿತ ಏರಿತು, ಅದನ್ನು ನೋಡಿ ಭಯ, ಭಯಕ್ಕೆ ಅಡ್ರಿನಲಿನ್, ಅದಕ್ಕೆ ಬಡಿತ ಇನ್ನೂ ಜೋರು. ನನ್ನ ಪ್ರಕಾರ ಕಾಯಿಲೆ ಇದ್ದದ್ದು ಈ ಸುತ್ತಿನಲ್ಲಿ.

ಸಲಹೆ ಇಷ್ಟು. ವಾಚ್ ಬೀರುವಿನಲ್ಲಿ. ವೇಗಕ್ಕೆ ಮಾತೇ ಅಳತೆ: ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಶುರುವಿಗೆ ಐದು ನಿಮಿಷ ನಿಧಾನ. ನಿಲ್ಲಿಸುವಾಗಲೂ ನಿಧಾನವಾಗಿಯೇ, ಯಾಕಂದ್ರೆ ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ, ಇವರು ಅದನ್ನೂ ಹಾರ್ಟ್ ಅಟ್ಯಾಕ್ ಅಂದುಕೊಂಡಿದ್ದರು! ಗುರಿ ವಾರಕ್ಕೆ 150 ನಿಮಿಷ ಇಂಥ ನಡಿಗೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ. ಮರುದಿನ ತೊಡೆ ನೋವು ಬಂದರೆ ಹೆದರಬೇಡಿ, ಎರಡು ಮೂರು ದಿನದಲ್ಲಿ ಹೋಗುತ್ತದೆ.

ಕಷ್ಟದ್ದು ಒಂದಿತ್ತು. ಬೇಕಂತಲೇ ಎರಡು ಮಹಡಿ ಹತ್ತಿ, ಎದೆ ಹೊಡೆದುಕೊಳ್ಳಲು ಬಿಟ್ಟು, ಕತ್ತಿಗೆ ಬೆರಳಿಡದೆ, ಅದು ತಾನಾಗಿ ಇಳಿಯುವವರೆಗೆ ಅಲ್ಲೇ ಓಡಾಡಬೇಕು. ಮೊದಲ ಸಲ ಹೆಂಡತಿಯನ್ನು ಕರೆದುಕೊಂಡು ಹೋದರು. ಈಗ ಒಬ್ಬರೇ ಹತ್ತುತ್ತಾರೆ. ಓಟಕ್ಕೆ ಇನ್ನೂ ಮನಸ್ಸು ಮಾಡಿಲ್ಲ, ನಾನೂ ಒತ್ತಾಯಿಸಿಲ್ಲ.

ಓದುವವರಿಗೆ ಎರಡು ಮಾತು. ಇದೆಲ್ಲ ಡಾಕ್ಟರು ನೋಡಿ ಸರಿ ಅಂದಮೇಲೆ. ನಡೆಯುವಾಗ ಎದೆ ಹಿಂಡಿದ ಹಾಗಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ಕಣ್ಣು ಕತ್ತಲೆ ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗೆ ಬಡಿತ ಏರುವುದೇ ಕಡಿಮೆ, ಅವರಿಗೆ 220ರ ಲೆಕ್ಕ ಕೆಲಸಕ್ಕೆ ಬರಲ್ಲ. ನಡೆಯುತ್ತಾ ಮಾತಾಡಿ ನೋಡುವುದೇ ವಾಸಿ.