ಆ ಮುಷ್ಟಿಯನ್ನು ಮೊದಲ ಪುಟಕ್ಕೆ ತನ್ನಿ

ನಮಸ್ಕಾರ,

ನಿಮ್ಮ ‘ಹಸುಗೂಸಿಗೂ ಸ್ಟ್ರೋಕ್’ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ.

ಮೊದಲ ಮೂರು ಪುಟ ಮಿದುಳಿನ ರಕ್ತನಾಳದ ಪಾಠ. ನಾಲ್ಕನೇ ಪುಟದಲ್ಲಿ ಅಜ್ಜಿ ಕಾಲು ಚಾಚಿ ಕೂತು ನಿಮ್ಮ ಅಕ್ಕನ ಮಗುವಿಗೆ ಎಣ್ಣೆನೀರು ಹಾಕುತ್ತಾರೆ. ಎಡಗೈ ಬೆರಳು ಸಲೀಸಾಗಿ ಬಿಚ್ಚುತ್ತವೆ. ಬಲಗೈ ಬಿಡಿಸುವುದೇ ಒಂದು ಒದ್ದಾಟ, ಅಂಗೈಯಲ್ಲಿ ಒದ್ದೆಯಾದ ಹತ್ತಿಯ ಎಳೆ. ‘ತಾತನ ಹಾಗೆ ಎಡಚ ಆಗ್ತಾನೆ ಬಿಡಿ’ ಅಂತ ಅಜ್ಜಿ ನಗುತ್ತಾರೆ. ಫಿಸಿಯೋಥೆರಪಿಸ್ಟ್ ಆದ ನೀವೂ ನಕ್ಕಿರಿ. ಲೇಖನ ಅಲ್ಲೇ ಶುರುವಾಗಬೇಕಿತ್ತು, ಅಲ್ವಾ?

ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಜಾಸ್ತಿ ಬಳಸಿದರೆ ಇನ್ನೊಂದು ಕೈ ಸ್ಟ್ರೋಕ್‌ನಿಂದ ಸೋತಿರಬಹುದು. ನಿಮ್ಮ ಪಾಠಕ್ಕಿಂತ ಆ ಬಚ್ಚಲುಮನೆ ಇದನ್ನು ಚೆನ್ನಾಗಿ ಹೇಳುತ್ತದೆ. ಆದರೆ ಆಗ ಮಗುವಿಗೆ ಎಷ್ಟು ತಿಂಗಳು? ಬರೆದೇ ಇಲ್ಲ. ಮೊದಲ ಒಂದೆರಡು ತಿಂಗಳು ಎಲ್ಲ ಕೂಸುಗಳೂ ಮುಷ್ಟಿ ಬಿಗಿಯುತ್ತವೆ. ವಯಸ್ಸು ಹೇಳದಿದ್ದರೆ ಓದಿದ ಬಾಣಂತಿಯರೆಲ್ಲ ಸುಮ್ನೆ ಗಾಬರಿಯಾಗುತ್ತಾರೆ.

‘ಹುಟ್ಟಿದ ದಿನವೇ ಕೈ ಸೋತದ್ದು ಗೊತ್ತಾಗುತ್ತದೆ’ ಅನ್ನುವುದು ತಪ್ಪು. ಮೊದಲ ಎರಡು ಮೂರು ದಿನ ಹೆಚ್ಚಾಗಿ ಕಾಣುವುದು ಫಿಟ್ಸ್: ಒಂದು ಕೈಯೋ ಕಾಲೋ ಒಂದೇ ಲಯದಲ್ಲಿ ಅದುರುವುದು, ಉಸಿರು ತಡೆಯುವುದು. ಕೈಯ ಕಥೆ ಶುರುವಾಗುವುದು ತಿಂಗಳುಗಳ ಮೇಲೆ.

‘ಪ್ರೆಖ್ಟಲ್ ವಿಧಾನ’ ಅಂತ ಹೆಸರು ಹೇಳಿ ಓಡಿಹೋಗಿದ್ದೀರಿ. ನಿಂತು ಬಿಡಿಸಿ ಹೇಳಿ. ಆಸ್ಟ್ರಿಯಾದ ಹೈಂಜ್ ಪ್ರೆಖ್ಟಲ್ ಮಗುವನ್ನು ಮುಟ್ಟದೆ, ಅದು ತಾನಾಗಿ ಆಡುವುದನ್ನು ನೋಡುತ್ತಾ ಕೂತವರು. ಸುಮಾರು 3ರಿಂದ 5 ತಿಂಗಳಲ್ಲಿ, ಎಚ್ಚರವಾಗಿ ಅಂಗಾತ ಮಲಗಿದ ಕೂಸಿನ ಕತ್ತು, ಮಣಿಕಟ್ಟು, ಪಾದದ ಗಂಟು ಸಣ್ಣಗೆ ಮಿಸುಕಾಡುತ್ತಲೇ ಇರುತ್ತವೆ. ಸ್ಟ್ರೋಕ್ ಆದ ಕೂಸಿನಲ್ಲಿ ಆ ಮಿಸುಕಾಟವೇ ಇಲ್ಲದಿರಬಹುದು, ಅಥವಾ ಒಂದು ಕಡೆಯ ಮಣಿಕಟ್ಟು, ಬೆರಳು ಕಡಿಮೆ ಆಡಬಹುದು. ಕೆಲವು ನಿಮಿಷದ ಮೊಬೈಲ್ ವಿಡಿಯೋ ಸಾಕು, ನೋಡುವವರು ಮಾತ್ರ ಅದರಲ್ಲಿ ಪಳಗಿದವರಾಗಿರಬೇಕು. ‘ತಾಯಂದಿರೇ ತೀರ್ಮಾನಿಸಬಹುದು’ ಎಂಬ ಸಾಲು ಹೊಡೆದುಹಾಕಿದ್ದೇನೆ. ‘ದೇವರ ಕೂಸು’ ಎಂಬ ಮಾತನ್ನೂ ತೆಗೆದಿದ್ದೇನೆ, ಬೇಜಾರಾಗಬೇಡಿ.

ಕೊನೆಯಲ್ಲಿ, ಸೋತ ಕೈಯನ್ನೂ ಬಳಸಲಿ ಅಂತ ಎಡಗೈಗೆ ಕೈಗವಸು ತೊಡಿಸಿ, ಬಲಗೈಗೆ ಗಿಲಕಿ ಹಿಡಿಸುವ ಆಟ ಬರುತ್ತದೆ. ಎರಡೇ ಸಾಲು! ಮೊದಲ ದಿನ ಮಗು ಅತ್ತಿತಾ? ಗಿಲಕಿ ಎಷ್ಟು ಸಲ ಬಿತ್ತು? ಅಜ್ಜಿ ಏನಂದರು? ಬರೆದು ಕಳಿಸಿ.

ಸಂಪಾದಕ