ಎಂಟು ಜನರನ್ನು ಕೇಳಿದಿರಿ, ಮನೆಯಲ್ಲಿ ಕೇಳಿದಿರಾ?

ಪ್ರಶ್ನೆ: ನನಗೆ 36 ವರ್ಷ. ಒಳ್ಳೆಯ ಕೆಲಸದಲ್ಲಿದ್ದೇನೆ. ಅದನ್ನು ಬಿಟ್ಟು ಪೂರ್ಣಾವಧಿ ದೇವರ ಸೇವೆಗೆ ಇಳಿಯಬೇಕೆಂಬ ಭಾರ ಎರಡು ವರ್ಷದಿಂದ ಮನಸ್ಸಿನಲ್ಲಿದೆ. ದೈವಿಕ ಸಲಹೆ ಬೇಕೆಂದು ಪಾಸ್ಟರ್, ಸಭೆಯ ಹಿರಿಯರು, ಪ್ರಾರ್ಥನಾ ಗುಂಪಿನವರು, ಹೀಗೆ ಎಂಟು ಜನರನ್ನು ಕೇಳಿದೆ. ಏಳು ಜನ 'ಹೋಗಿ' ಎಂದರು. ಪಾಸ್ಟರ್ ಮಾತ್ರ 'ಸ್ವಲ್ಪ ಕಾಯಿರಿ' ಎಂದರು. ಕಳೆದ ತಿಂಗಳು ಸಭೆಗೆ ಬಂದಿದ್ದ ಬೋಧಕರೊಬ್ಬರು ತಲೆ ಮೇಲೆ ಕೈಯಿಟ್ಟು, 'ಆರು ತಿಂಗಳೊಳಗೆ ಬಿಡಬೇಕೆಂದು ಕರ್ತನು ಹೇಳುತ್ತಿದ್ದಾನೆ' ಎಂದರು. ಮನೆ ಸಾಲ ಇನ್ನೂ 11 ವರ್ಷ ಇದೆ. ಹೆಂಡತಿ ಏನೂ ಹೇಳುತ್ತಿಲ್ಲ. ಯಾರ ಮಾತು ಕೇಳಲಿ?

ಉತ್ತರ: ಸಹೋದರರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಪ್ರತಿ ಸಲವೂ ಕಣ್ಣು ಹೋಗಿ ನಿಂತದ್ದು ಮೂರೇ ಪದಗಳ ಮೇಲೆ: ಹೆಂಡತಿ ಏನೂ ಹೇಳುತ್ತಿಲ್ಲ. ಎಂಟು ಜನರನ್ನು 'ಕೇಳಿದೆ' ಎಂದು ಬರೆದಿದ್ದೀರಿ. ಹೆಂಡತಿಯನ್ನು ಕೇಳಿದಿರಾ, ಇಲ್ಲ ಬರೀ ತಿಳಿಸಿದಿರಾ? ಎರಡೂ ಒಂದೇ ಅಲ್ಲ, ಅಲ್ವಾ.

ಸಲಹೆ ಕೇಳಿದ್ದು ಒಳ್ಳೆಯದೇ. ಆಲೋಚನೆ ಹೇಳುವವರು ಬಹಳ ಮಂದಿ ಇರಲಿ ಎಂಬರ್ಥದ ಮಾತು ಸತ್ಯವೇದದ ಜ್ಞಾನೋಕ್ತಿಗಳು ಪುಸ್ತಕದಲ್ಲೇ ಮೂರು ಕಡೆ ಬರುತ್ತದೆ: 11:14, 15:22, 24:6. ಹಾಗಂತ ವೋಟು ಎಣಿಸಿ ಅಂತ ಅಲ್ಲಿ ಬರೆದಿಲ್ಲ. 1 ಅರಸುಗಳು 22ನೇ ಅಧ್ಯಾಯ ತೆಗೆಯಿರಿ. ರಾಮೋತ್ ಗಿಲ್ಯಾದಿನ ಮೇಲೆ ಯುದ್ಧಕ್ಕೆ ಹೋಗಲೋ ಬೇಡವೋ ಎಂದು ಇಸ್ರಾಯೇಲಿನ ಅರಸ ಅಹಾಬ ಸುಮಾರು 400 ಪ್ರವಾದಿಗಳನ್ನು ಕೇಳಿದ. ಎಲ್ಲರೂ 'ಹೋಗು' ಎಂದರು. ಜೊತೆಗಿದ್ದ ಯೆಹೂದದ ಅರಸ ಯೆಹೋಷಾಫಾಟನಿಗೆ ಸಮಾಧಾನವಾಗಲಿಲ್ಲ. ಬೇರೆ ಯಾರೂ ಇಲ್ಲವೇ ಎಂದು ಕೇಳಿದ. ಇದ್ದಾನೆ ಒಬ್ಬ, ಮೀಕಾಯೆಹು, ಆದರೆ ಅವನನ್ನು ಕಂಡರೆ ನನಗಾಗದು, ನನ್ನ ಬಗ್ಗೆ ಒಳ್ಳೆಯದು ಹೇಳುವುದೇ ಇಲ್ಲ ಎಂದ ಅಹಾಬ. ಓದುವಾಗ ನಗು ಬರುತ್ತದೆ. ಆದರೆ ನಾನೂ ಒಮ್ಮೆ ಕೆಲಸ ಬದಲಿಸುವಾಗ, 'ಬೇಡ' ಅನ್ನಬಹುದಾಗಿದ್ದ ಗೆಳೆಯನ ಫೋನನ್ನೇ ಎತ್ತಿರಲಿಲ್ಲ. ಪ್ರಾರ್ಥನೆಯಲ್ಲಿದ್ದೆ ಅಂತ ಆಮೇಲೆ ಸಬೂಬು ಹೇಳಿದೆ.

ಆ ಏಳು ಜನರಿಗೆ ಸಾಲದ ವಿಷಯ ಹೇಳಿದ್ದೀರಾ? 'ದೇವರ ಸೇವೆಗೆ ಹೋಗಲಾ' ಎಂದರೆ ಯಾವ ವಿಶ್ವಾಸಿ ಬೇಡ ಅಂತಾನೆ? '11 ವರ್ಷದ ಕಂತು ಬಾಕಿ ಇದೆ, ಉಳಿತಾಯ ಇಷ್ಟೇ, ಮನೆಯಲ್ಲಿ ಮಾತು ನಿಂತಿದೆ, ಹೋಗಲಾ' ಎಂದು ಕೇಳಿ ನೋಡಿ. ಪಾಸ್ಟರ್ ಕಾಯಿರಿ ಎಂದದ್ದು ಇದೆಲ್ಲ ಅವರಿಗೆ ಗೊತ್ತಿರುವುದಕ್ಕೇ ಇರಬಹುದು. ಎಷ್ಟು ದಿನ, ಯಾತಕ್ಕೆ ಎಂದು ಅವರನ್ನೇ ಮತ್ತೆ ಕೇಳಿ.

ಬೋಧಕರು ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಆದರೆ 1 ಅರಸುಗಳು 13ರಲ್ಲಿ, ಬೇತೇಲಿನಲ್ಲಿ ಅನ್ನನೀರು ಮುಟ್ಟಬೇಡ ಎಂಬ ಅಪ್ಪಣೆ ಪಡೆದಿದ್ದ ದೇವರ ಮನುಷ್ಯನಿಗೆ ಒಬ್ಬ ಮುದಿ ಪ್ರವಾದಿ, ದೇವದೂತನೇ ನನಗೆ ಹೇಳಿದ, ಊಟಕ್ಕೆ ಬಾ ಎಂದ. ಅದು ಸುಳ್ಳು. ಇವನು ನಂಬಿ ಉಂಡ, ಹಿಂದಿರುಗುವ ದಾರಿಯಲ್ಲಿ ಸಿಂಹದ ಬಾಯಿಗೆ ಬಿದ್ದ. ಪ್ರವಾದನೆಯನ್ನು ಹೀನೈಸಬೇಡಿ ಎಂದ ಅಪೊಸ್ತಲ ಪೌಲನೇ ಅದರ ಬೆನ್ನಿಗೇ ಎಲ್ಲವನ್ನೂ ಪರೀಕ್ಷಿಸಿ ಎಂದೂ ಬರೆದ. ಆರು ತಿಂಗಳ ಗಡುವು ಕೊಟ್ಟವರು ಏಳನೇ ತಿಂಗಳ ಕಂತು ಕಟ್ಟಲು ಬರುವುದಿಲ್ಲ.

ಅಷ್ಟಕ್ಕೂ ಕೆಲಸ ಬಿಟ್ಟರೇ ಸೇವೆ ಅಂತ ಯಾರು ಹೇಳಿದರು? ಕೊರಿಂಥದಲ್ಲಿ ಪೌಲ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರ ಮಾಡುವ ಕೆಲಸ ಮಾಡುತ್ತಲೇ ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನಗಳಲ್ಲಿ ಯೆಹೂದ್ಯರ ಸಭಾಮಂದಿರಕ್ಕೆ ಹೋಗಿ ಬೋಧಿಸುತ್ತಿದ್ದ. ರಜೆಯ ದಿನಗಳಲ್ಲಿ ಒಂದು ವರ್ಷ ಸೇವೆ ಮಾಡಿ ನೋಡಿ. ನಿಜವಾದ ಕರೆ ಒಂದು ವರ್ಷಕ್ಕೆಲ್ಲ ಹಳಸುವುದಿಲ್ಲ.

ಈಗ ಹೆಂಡತಿ. ಇವತ್ತು ರಾತ್ರಿ ಊಟ ಮುಗಿದ ಮೇಲೆ ಫೋನು ಆ ಕಡೆ ಇಟ್ಟು ಎದುರು ಕೂತುಕೊಳ್ಳಿ. ಸತ್ಯವೇದವನ್ನೂ ಮೊದಲೇ ತೆರೆಯಬೇಡಿ, ನೀವು ವಚನ ಎತ್ತಿದರೆ ಅವರು ಮತ್ತೆ ಸುಮ್ಮನಾಗುತ್ತಾರೆ. 'ನಿನಗೆ ಯಾವುದಕ್ಕೆ ಭಯ?' ಅಂತ ಸುಮ್ನೆ ಕೇಳಿ. ಉತ್ತರ ಬರಲು ಹೊತ್ತಾಗಬಹುದು, ಮಧ್ಯೆ ಬಾಯಿ ಹಾಕಬೇಡಿ. ಮುಂದಿನ ಸಲ ಪಾಸ್ಟರ್ ಬಳಿ ಇಬ್ಬರೂ ಹೋಗಿ. ಅಲ್ಲಿ ಮಾತು ನಿಮ್ಮ ಹೆಂಡತಿಯೇ ಶುರು ಮಾಡಲಿ.